ಸೀಟಿನ ಕೆಳಗಿನ ಬೋಲ್ಟು

ಕಾರಿನ ಕೆಳಗೆ ಅಂಗಾತ ಮಲಗಿ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದವನ ಕಣ್ಣಿಗೆ ಬಣ್ಣದ ಚಕ್ಕೆಯೊಂದು ಬಿದ್ದಾಗ ಅವನಿಗೆ ಮೊದಲು ಆದದ್ದು ಉರಿಯಲ್ಲ, ನಾಚಿಕೆ. ವಾರವೆಲ್ಲ ಅಂಗಡಿಯಲ್ಲಿ ಕೂತು ಊರಿನವರ ಮೂಗಿಗೆ ಕನ್ನಡಕ ಕೂರಿಸುವವನು, ಬಡಗಿಗಳಿಗೂ ವೆಲ್ಡಿಂಗಿನವರಿಗೂ "ಕಣ್ಣಿಗೆ ಏನಾದ್ರೂ ಹಾಕ್ಕೊಳ್ಳಿ, ಇದೇನು ಅಂಗಡೀಲಿ ಸಿಗೋ ಮಾಲಲ್ಲ" ಎಂದು ಬುದ್ಧಿ ಹೇಳುವವನು, ಈ ಭಾನುವಾರ ಬೆಳಿಗ್ಗೆ ಗೀರು ಬಿದ್ದೀತೆಂದು ತನ್ನ ಕನ್ನಡಕವನ್ನು ಕಿಟಕಿಯ ಮೇಲೆ ತೆಗೆದಿಟ್ಟು, ಬರಿಗಣ್ಣಿನಲ್ಲಿ ತುಕ್ಕಿಗೆ ಮುಖವೊಡ್ಡಿ ಮಲಗಿದ್ದ. ರೆಪ್ಪೆ ಮಗುಚಿ, ಅಂಗಿಯ ತುದಿಯಿಂದ ಚಕ್ಕೆಯನ್ನು ತೆಗೆದು, ಬೆರಳಿನ ಮೇಲಿಟ್ಟು ನೋಡಿದ. ಹಸಿರು. ಅಡುಗೆಮನೆ ಕಿಟಕಿಯ ಹಸಿರು. ಮತ್ತೆ ಮೇಲೆ ನೋಡಿದ. ಡ್ರೈವರ್ ಸೀಟಿನಿಂದ ತಳದ ತಗಡನ್ನು ತೂರಿ ಕೆಳಗಿಳಿದಿದ್ದ ಬೋಲ್ಟಿನ ತುದಿಯಲ್ಲಿ ಒಂದು ನಟ್ಟು ಇರಬೇಕಾಗಿತ್ತು. ಇದ್ದದ್ದು ಮೂಲೆ ಮುಖ ಒಂದೂ ಇಲ್ಲದ ಉಂಡೆ. ಉಜ್ಜಿದ ಕಡೆ ಹಸಿರಿನ ಕೆಳಗೆ ಅಕ್ಕನ ಮಗುವಿನ ತೊಟ್ಟಿಲಿಗೆ ಹಚ್ಚಿದ್ದ ತಿಳಿನೀಲಿ ಕಾಣುತ್ತಿತ್ತು, ಅದರ ಕೆಳಗೆ ಗೇಟಿನ ಬೂದು, ಎಲ್ಲದರ ಅಡಿಗೆ ಅವನ ಮೊದಲ ಸೈಕಲ್ಲಿನ ಕೆಂಪು. ಅಪ್ಪನಿಗೆ ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಎಸೆಯುವುದೆಂದರೆ ಅನ್ನ ಎಸೆದ ಹಾಗೆ. ಮನೆಯಲ್ಲಿ ಯಾವುದಕ್ಕೆ ಬಣ್ಣ ಹಚ್ಚಿದರೂ ಕೊನೆಯ ಬ್ರಷ್ಷು ಕಾರಿನ ಕೆಳಗೆ. "ಕಬ್ಬಿಣಕ್ಕೆ ಗಾಳಿ ತಾಕಬಾರದು ಮರಿ" ಎನ್ನುತ್ತಾ, ಈಗ ಇವನು ಮಲಗಿರುವಲ್ಲೇ ಮಲಗಿ, ನಟ್ಟಿಗೆ ಬಣ್ಣದ ಅಂಗಿಯ ಮೇಲೆ ಅಂಗಿ ತೊಡಿಸುತ್ತಿದ್ದ. ಗಾಳಿಯೇನೋ ತಾಕಲಿಲ್ಲ. ಆದರೆ ಒಳಗೆ ಹೊಕ್ಕ ತೇವಕ್ಕೆ ಹೊರಗೆ ಹೋಗುವ ದಾರಿಯೂ ಇಲ್ಲದೆ, ಬಣ್ಣದ ಕೆಳಗೆ ತುಕ್ಕು ಆರಾಮಾಗಿ ಸಂಸಾರ ಹೂಡಿತ್ತು.

"ಕಣ್ಣಿಗೆ ಬಿತ್ತೇನೋ?" ಎಂದಳು ಅಮ್ಮ. ಅವಳು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕಾರಿನ ಕೆಳಗಿನಿಂದ ಅವನಿಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಎಂದೂ ಇಲ್ಲದೆ ಇವತ್ತು ಚಪ್ಪಲಿಯ ಬದಲು ಬೂಟು ಹಾಕಿಕೊಂಡಿದ್ದಳು. ಬೆಳಗಿನ ನಡಿಗೆಗೆಂದು ಅವನ ಹೆಂಡತಿ ತಂದುಕೊಟ್ಟು, ಒಂದು ದಿನವೂ ನಡೆಯದೆ ಉಳಿದಿದ್ದ ಬಿಳಿ ಬೂಟು. ಲೇಸು ಬಿಗಿಯಾಗಿ ಕಟ್ಟಿದ್ದಳು.

"ಏನಿಲ್ಲಮ್ಮ. ಹಸಿರು ಬಿತ್ತು."

"ಹಸಿರಾದ್ರೆ ಮೊನ್ನೆ ಮೊನ್ನೇದು. ಇನ್ನೂ ಬಹಳ ಇದೆ ಕೆಳಗೆ," ಎಂದು ಅಮ್ಮ ನಿಟ್ಟುಸಿರಿಲ್ಲದೆ ಹೇಳಿದಳು. ಮೊನ್ನೆ ಮೊನ್ನೆ ಎಂದರೆ ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ.

ನಾಳೆ ಬೆಳಿಗ್ಗೆ ಕಾರು ಹೋಗುತ್ತದೆ. ಹಳೆಯ ಕಾರುಗಳನ್ನು ಕೂಡಿಹಾಕುವ ಹುಚ್ಚಿನ ದಂತವೈದ್ಯರೊಬ್ಬರು ಬಂದು, ಬಾನೆಟ್ಟಿನ ಬಾಯಿ ತೆಗೆಸಿ, ಹಲ್ಲು ನೋಡುವವರ ಹಾಗೆಯೇ ತಲೆ ಓರೆ ಮಾಡಿ ನೋಡಿ, ಒಪ್ಪಿಕೊಂಡು ಹೋಗಿದ್ದರು. ನಿನ್ನೆ ಸಂಜೆ ಅವರು ಮತ್ತೊಮ್ಮೆ ಫೋನು ಮಾಡಿ ಬರುವುದನ್ನು ಖಚಿತಪಡಿಸಿಕೊಂಡರು. ಅವನು ಫೋನು ಇಟ್ಟಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ, ತಲೆಯೆತ್ತದೆ, "ಹಾಗಿದ್ರೆ ನಾಳೆ ಒಂದ್ಸಲ ನಾನು ಓಡಿಸ್ತೀನಿ," ಎಂದಿದ್ದಳು. ಅವನು ನಕ್ಕಿದ್ದ. ಎಪ್ಪತ್ತು ದಾಟಿದ ಅಮ್ಮ ಹಾಗೆಂದರೆ ಯಾರು ನಗುವುದಿಲ್ಲ? "ನಿಂಗೆ ಕಾಲು ಎಟುಕಲ್ಲಮ್ಮ" ಎಂದ. "ಎಟುಕೋ ಹಾಗೆ ಮಾಡು" ಎಂದಳು. ಬೆನ್ನಿಗೆ ದಿಂಬು ಇಟ್ಟುಕೊಂಡರಾಯಿತಲ್ಲ ಎಂದದ್ದಕ್ಕೆ ಅವಳು, "ದಿಂಬು ಇಟ್ಟು ನೋಡಿದೀನಿ. ಕ್ಲಚ್ಚು ಒತ್ತಿದ್ರೆ ಕ್ಲಚ್ಚು ಹೋಗಲ್ಲ, ನಾನು ಹಿಂದಕ್ಕೆ ಹೋಗ್ತೀನಿ," ಎಂದಳು. ಯಾವಾಗ ನೋಡಿದೆ ಎಂದು ಕೇಳಿದ. ಅವಳು ಬಿಡಿಸಿದ ಕಾಳನ್ನು ಕೈಯಾಡಿಸಿ ನೋಡಿ, ಹುಳುಕೊಂದನ್ನು ಆರಿಸಿ ಬಿಸಾಕಿ, ಎದ್ದು ಒಳಗೆ ಹೋದಳು. ಅವನಿಗೆ ನಿದ್ದೆ ಹತ್ತಲಿಲ್ಲ. ಯಾವಾಗ ನೋಡಿದ್ದಳು? ಅವನು ಶಾಲೆಯಲ್ಲಿದ್ದಾಗಲೇ? ಅಪ್ಪ ಟೂರಿನಲ್ಲಿದ್ದಾಗ? ಒಬ್ಬಳೇ, ಶೆಡ್ಡಿನ ಬಾಗಿಲು ಮುಚ್ಚಿಕೊಂಡು, ಬೆನ್ನಿಗೆ ದಿಂಬು ಒತ್ತಿಕೊಂಡು, ನಿಂತ ಕಾರಿನ ಕ್ಲಚ್ಚಿಗೆ ಕಾಲು ಚಾಚುತ್ತಿರುವ ಅಮ್ಮನನ್ನು ಕಲ್ಪಿಸಿಕೊಳ್ಳಲು ಹೋಗಿ, ಅವಳಿಗೆ ಯಾವ ವಯಸ್ಸಿನ ಮುಖ ಹಾಕಬೇಕೆಂದು ತಿಳಿಯದೆ ಸುಮ್ಮನಾಗಿದ್ದ.

ಮೆಕ್ಯಾನಿಕ್ಕಿಗೆ ಫೋನು ಮಾಡಿದ್ದೂ ಆಯಿತು. ಪೆಟ್ರೋಲ್ ಪೈಪು ನಟ್ಟಿಗೆ ತಾಗಿಕೊಂಡೇ ಹೋಗಿದೆ, ಬೆಂಕಿ ತೋರಿಸುವ ಹಾಗಿಲ್ಲ, ಕಿಡಿ ಹಾರಿಸಿ ಕೊಯ್ಯುವ ಹಾಗೂ ಇಲ್ಲ ಎಂದು ಆತ ಅಲ್ಲಿಂದಲೇ ಹೇಳಿದ. ರಾತ್ರಿಯೆಲ್ಲ ಸೀಮೆಎಣ್ಣೆ ಕುಡಿಸಿ, ಬೆಳಿಗ್ಗೆ ಕೈಯಲ್ಲೇ ನೋಡಿ, ಭಾನುವಾರ ಮಾತ್ರ ಮಾವ ಸತ್ತರೂ ಬರಲ್ಲ ಸಾರ್ ಎಂದ. ಹೀಗಾಗಿ ಅವನೇ, ಸಾಸಿವೆಕಾಳಿನಷ್ಟು ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ತಿರುಗಿಸಿ ಅಭ್ಯಾಸವಾದ ಬೆರಳುಗಳಲ್ಲಿ ಸುತ್ತಿಗೆ ಹಿಡಿದು, ಮುಂದಿನ ಚಕ್ರಗಳಡಿ ಮರದ ದಿಮ್ಮಿ ಕೊಟ್ಟು, ಗೋಣಿತಟ್ಟಿನ ಮೇಲೆ ಮಲಗಿದ್ದ. ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಡ್ರಾಯಿಂಗ್ ಮೇಷ್ಟ್ರ ತಲೆ ಮೇಲೆದ್ದಿತು. ನಿವೃತ್ತರಾದ ಮೇಲೆ ಮೇಷ್ಟ್ರು ಬೀದಿಯ ಯಾವ ಕೆಲಸವನ್ನೂ ತಮ್ಮ ಸಲಹೆಯಿಲ್ಲದೆ ಮುಗಿಯಲು ಬಿಟ್ಟವರಲ್ಲ.

"ಏನು, ಆಪರೇಷನ್ನೇ ನಡೀತಿದೆ!"

"ಒಂದು ನಟ್ಟು ಹಿಡ್ಕೊಂಡ್ಬಿಟ್ಟಿದೆ ಮೇಷ್ಟ್ರೇ."

"ಸುತ್ತಿಗೇಲಿ ಬಡೀಬೇಡಿ. ನಿಂಬೆಹಣ್ಣು ಹಿಂಡಿ."

"ಹಿಂಡಿದ್ವಲ್ಲ," ಎಂದಳು ಅಮ್ಮ ಮೆಟ್ಟಿಲಿಂದ. "ಈಗ ಉಪ್ಪು ಸಕ್ಕರೆ ಹಾಕಿದ್ರೆ ಪಾನಕ. ನಿಮಗೊಂದು ಲೋಟ ಕೊಡ್ಲಾ?"

ಮೇಷ್ಟ್ರ ತಲೆ ಇಳಿಯಿತು. ಅವನು ಕೆಳಗೆ ಮಲಗಿದ್ದ ಹಾಗೆಯೇ ನಕ್ಕ; ಬಾಯಿಗೆ ತುಕ್ಕು ಬಿತ್ತು.

ಅಪ್ಪನೂ ಹೀಗೆಯೇ ನಗುತ್ತಿದ್ದ, ಆದರೆ ಇನ್ನೂ ದೊಡ್ಡದಾಗಿ. ಕಛೇರಿಯಲ್ಲಿ ಅವನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಅವನು ಬೀದಿಗೆ ಇಳಿದರೆ ಅಂಗಡಿಯವರು ತಕ್ಕಡಿಯ ಕೆಳಗೆ ಅಂಟಿಸಿದ ಅಯಸ್ಕಾಂತವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ಊರಲ್ಲಿ ಮಾತಿತ್ತು. ಆದರೆ ಗಂಟು ಮುಖದವನಲ್ಲ. ತಪ್ಪು ತೂಕದ ಬಟ್ಟನ್ನು ಕೈಯಲ್ಲಿ ಎತ್ತಿ ತೂಗಿ, "ಪಾಪ, ಇದಕ್ಕೆ ಊಟ ಸರಿಯಾಗಿ ಹಾಕಿಲ್ಲ ನೀವು" ಎಂದು ನಗುತ್ತಲೇ ವಶಪಡಿಸಿಕೊಳ್ಳುತ್ತಿದ್ದ, ಬಟ್ಟು ಕಳೆದುಕೊಂಡವರೂ ನಗುತ್ತಿದ್ದರು. ಅಪ್ಪ ನಕ್ಕರೆ ಜೊತೆಗೆ ನಗದೆ ಇರಲು ಯಾರಿಗೂ ಆಗುತ್ತಿರಲಿಲ್ಲ. ಅವನ ಬಾಯಿಂದ ಬಂದ ಗ್ರಾಂ ಗ್ರಾಮೇ, ಮಾತು ಮಾತೇ. ಚಿಕ್ಕಂದಿನಲ್ಲಿ ಇವನಿಗೆ ಅಪ್ಪನ ಬಗ್ಗೆ ಇದ್ದದ್ದು ಭಕ್ತಿಗಿಂತ ಹೆಚ್ಚಾಗಿ ಒಂದು ಬಗೆಯ ನಿಶ್ಚಿಂತೆ. ಗೋಡೆಗೆ ಒರಗಿದವನಿಗೆ ಗೋಡೆಯ ಬಗ್ಗೆ ಇರುವಂಥದ್ದು.

ಬ್ರಷ್ಷು ಕೆಂಪಿನವರೆಗೆ ಇಳಿಯಿತು. ಸೈಕಲ್ಲಿನ ಕೆಂಪನ್ನು ನೋಡಿದಾಗ ಅವನ ಕೈ ನಿಧಾನವಾಯಿತು, ಏಕೆಂದರೆ ಇದರ ಕೆಳಗೆ ಇನ್ನು ಬಣ್ಣವಿಲ್ಲ, ಬರೀ ಕಬ್ಬಿಣ, ಆ ಕಬ್ಬಿಣವನ್ನು ಮೊದಲು ಮುಟ್ಟಿದ್ದು ತಾನು. ಆ ಭಾನುವಾರವನ್ನು ಅವನು ಎಷ್ಟು ಜನರಿಗೆ ಹೇಳಿಲ್ಲ! ಹೆಂಡತಿಗೆ ಮದುವೆಯಾದ ಹೊಸತರಲ್ಲಿ, ಅಂಗಡಿಗೆ ಬಂದ ಹಳೆಯ ಗೆಳೆಯರಿಗೆ, ಅಪ್ಪ ಹೋದಾಗ ಮಾತಾಡಿಸಲು ಬಂದ ನೆಂಟರಿಗೆ. ಅಪ್ಪ ಹಿತ್ತಲಲ್ಲಿ ಅಂಗಿ ಬಿಚ್ಚಿ, ಕೈಯಿಂದ ತಿರುಗಿಸುವ ಡ್ರಿಲ್ಲನ್ನು ಎದೆಗೆ ಒತ್ತಿಕೊಂಡು ಕಾರಿನ ತಳಕ್ಕೆ ತೂತು ಕೊರೆದದ್ದು. ಇವನು ಬಟ್ಟಲಲ್ಲಿ ವಾಷರುಗಳನ್ನು ಹಿಡಿದು, ಶಸ್ತ್ರಚಿಕಿತ್ಸೆಯ ನರ್ಸಿನ ಹಾಗೆ, ಕೇಳಿದ್ದನ್ನು ಕೇಳಿದ ಕೂಡಲೇ ಕೊಟ್ಟದ್ದು. ಕೊನೆಗೆ ಅಪ್ಪ ಹೊಳೆಯುವ ಹೊಸ ಬೋಲ್ಟನ್ನು ಅವನ ಅಂಗೈಯಲ್ಲಿಟ್ಟು, "ನಿನ್ನ ಕೈಯಿಂದಲೇ ಆಗಲಿ" ಎಂದದ್ದು. ಸೀಟಿನ ಮುಂದೆ ಮೊಣಕಾಲೂರಿ, ಎಣ್ಣೆ ಹಚ್ಚಿದ ಬೋಲ್ಟನ್ನು ಅವನು ತೂತಿನಲ್ಲಿ ಇಳಿಬಿಟ್ಟ. ಆಮೇಲೆ ಕೆಳಗೆ ತೆವಳಿ, ಅಪ್ಪನ ತೋಳಿನ ಮೇಲೆ ತಲೆಯಿಟ್ಟು ಮಲಗಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿದ. ಸಾಕಾಗಿ ಕೈ ನಿಂತಾಗ ಅಪ್ಪ ಅವನ ಕೈಯ ಮೇಲೆ ತನ್ನ ಕೈಯಿಟ್ಟು ಸ್ಪ್ಯಾನರ್ ಎಳೆದ. ಎಣ್ಣೆ, ಬೆವರು, ಅಪ್ಪನ ಕಂಕುಳಿನ ಸೋಪಿನ ವಾಸನೆ. ಯಂತ್ರದ ಕೆಲಸ ಎಂದರೆ ಇಂಥ ಸುಖ ಎಂದು ಗೊತ್ತಾದದ್ದು ಆಗ. ಅವನು ಕನ್ನಡಕದ ಸ್ಕ್ರೂಗಳ ಕಡೆಗೆ ಹೋದದ್ದೂ ಅಲ್ಲಿಂದಲೇ ಇರಬೇಕು. ಹೀಗೆ ಹೇಳುವಾಗೆಲ್ಲ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ನೆಂಟರ ಮುಂದೆ ಹೇಳಿದ ದಿನ ಅಮ್ಮ ಟ್ರೇ ಹಿಡಿದು ಅವರ ನಡುವೆ ಓಡಾಡುತ್ತಿದ್ದಳು. ಯಾರೋ ಸೋದರತ್ತೆ, "ಸೀಟಿಗ್ಯಾಕೆ ಬೋಲ್ಟು?" ಎಂದು ಕೇಳಿದ್ದಕ್ಕೆ ಅವನೇ ಉತ್ತರ ಹೇಳಿದ: "ಸೀಟಿನ ಹಳಿಯ ಹಲ್ಲು ಸವೆದಿತ್ತತ್ತೆ. ಕೊಕ್ಕೆ ನಿಲ್ತಿರ್ಲಿಲ್ಲ. ಬ್ರೇಕ್ ಹಾಕಿದ್ರೆ ಸೀಟು ಜಾರ್ತಿತ್ತು." ಅಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಾ ಒಳಗೆ ಹೋಗಿದ್ದಳು.

ಅದಕ್ಕೂ ಮುಂಚೆ ಅಮ್ಮ ಓಡಿಸುತ್ತಿದ್ದಳು. ಇದು ಅವನಿಗೆ ಮರೆತಿರಲಿಲ್ಲ, ಆದರೆ ಇದನ್ನೂ ಆ ಭಾನುವಾರವನ್ನೂ ಅವನು ಎಂದೂ ಒಂದೇ ಕೋಣೆಯಲ್ಲಿ ಕೂರಿಸಿರಲಿಲ್ಲ. ಅಪ್ಪ ಟೂರಿಗೆ ಇಲಾಖೆಯ ಜೀಪಿನಲ್ಲಿ ಹೋಗುತ್ತಿದ್ದ, ಕಾರು ಮನೆಯಲ್ಲಿರುತ್ತಿತ್ತು. ಮದುವೆಗೆ ಮುಂಚೆಯೇ ಅವಳಿಗೆ ಅವಳ ಅಣ್ಣ ಕಲಿಸಿದ್ದನಂತೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗು ಸಿಕ್ಕಿಸಿ, ಸೀಟಿನ ಕೆಳಗಿನ ಸರಳನ್ನೆಳೆದು ಒಂದೇ ಏಟಿಗೆ ಮುಂದಕ್ಕೆ ಸರಿಯುತ್ತಿದ್ದಳು. ಸ್ಟೀರಿಂಗಿಗೆ ಎದೆ ತಾಗುವಷ್ಟು ಹತ್ತಿರ. ಇವನು ಪಕ್ಕದಲ್ಲಿ ನಿಂತೇ ಇರುತ್ತಿದ್ದ, ಎದುರಿನ ಹಲಗೆ ಹಿಡಿದುಕೊಂಡು. ಮನೆಯೊಳಗೆ ಒಂದು ಮಾತಿಗೆ ಅರ್ಧ ಮಾತು ಎನ್ನುವ ಅಮ್ಮ ಕಾರಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಎಮ್ಮೆಗಳ ಜೊತೆ, ಸೈಕಲ್ಲಿನವರ ಜೊತೆ, ಗೇರಿನ ಜೊತೆ ಮಾತು. "ಬಾರೋ ಬಾ, ಮೂರಕ್ಕೆ ಬೀಳು, ಹಟ ಮಾಡ್ಬೇಡ." ಬೀದಿ ದೀಪಗಳು ಮುಗಿಯುವಲ್ಲಿ ಒಂದು ನೀರಿನ ಟ್ಯಾಂಕಿತ್ತು; ಅಲ್ಲಿವರೆಗೆ ಹೋಗಿ, ಎಂಜಿನ್ ನಿಲ್ಲಿಸದೆ ಸ್ವಲ್ಪ ಹೊತ್ತು ಕೂತು, ವಾಪಸು. ಅಷ್ಟೇ. ಏನನ್ನೂ ಕೊಳ್ಳಲು ಹೋಗುತ್ತಿರಲಿಲ್ಲ, ಯಾರನ್ನೂ ನೋಡಲು ಹೋಗುತ್ತಿರಲಿಲ್ಲ. ಒಂದು ದಿನ ಅಪ್ಪ ಟೂರಿನಿಂದ ಒಂದು ದಿನ ಮೊದಲೇ ಬಂದು, ಸಂಜೆ ಎಲ್ಲಿಗೋ ಹೊರಡಲು ಕಾರಿನೊಳಗೆ ಕೂರಲು ಹೋದ. ಅಮ್ಮ ಸೀಟು ಹಿಂದೆ ಸರಿಸುವುದನ್ನು ಮರೆತಿದ್ದಳು. ಆರಡಿಯ ಅಪ್ಪನ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು, ತಲೆ ಛಾವಣಿಗೆ. ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡೇ ಅಪ್ಪ ಜೋರಾಗಿ ನಕ್ಕ. "ಯಾರೋ ಕುಳ್ಳಿ ನನ್ನ ಕಾರು ಕದ್ದು ಓಡಿಸಿದ್ದಾಳಪ್ಪ! ಪೊಲೀಸಿಗೆ ಹೇಳೋಣ್ವಾ?" ಅಕ್ಕ ನಕ್ಕಳು. ಅಮ್ಮ ಬಾಗಿಲಲ್ಲಿ ನಿಂತು ನಕ್ಕಳು. ಎಲ್ಲರಿಗಿಂತ ಹೆಚ್ಚು ನಕ್ಕವನು ಇವನೇ, ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಉರುಳಿ. ಅದರ ಮುಂದಿನ ಭಾನುವಾರವೇ ಡ್ರಿಲ್ಲು. ಅಪ್ಪನ ಕಾಲಳತೆಗೆ ಸೀಟನ್ನು ಹಿಂದಕ್ಕೆ ಸರಿಸಿ ಅಲ್ಲೇ ಬೋಲ್ಟು.

ಅವನು ಬ್ರಷ್ಷು ಕೆಳಗಿಟ್ಟ. ಇಷ್ಟು ಸರಳವಾದ ಲೆಕ್ಕ. ಯಾಕೆ ಒಮ್ಮೆಯೂ ಮಾಡಿರಲಿಲ್ಲ? ಮಾಡಬೇಕಾಗಿ ಬಂದಿರಲಿಲ್ಲ, ಅಷ್ಟೇ. ಅವನೂ ಬೆಳೆದು ಆರಡಿಯಾದ. ಕಾಲೇಜಿನಲ್ಲಿದ್ದಾಗ ಮೊದಲ ಸಲ ಅಪ್ಪ ಕೀಲಿ ಕೊಟ್ಟು ಕೂರಿಸಿದ ದಿನ ಸೀಟು ಅವನಿಗೆ ಹೊಲಿಸಿದ ಅಂಗಿಯ ಹಾಗೆ ಹಿಡಿಸಿತು. ಕ್ಲಚ್ಚು ಎಲ್ಲಿರಬೇಕೋ ಅಲ್ಲಿ, ಬ್ರೇಕು ಎಲ್ಲಿರಬೇಕೋ ಅಲ್ಲಿ. ಹೋದ ವರ್ಷದವರೆಗೂ ಇದೇ ಕಾರಿನಲ್ಲಿ ಅಂಗಡಿಗೆ ಹೋಗಿ ಬಂದಿದ್ದಾನೆ, ಹಿಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ, ಮದುವೆಗಳಿಗೆ ಹೋಗಿದ್ದಾನೆ. ಕನ್ನಡಿಯಲ್ಲಿ ಅವಳ ತಲೆಯ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಹಾಯಾಗಿರುವ ಸೀಟಿನ ಬಗ್ಗೆ ಯಾರು ಯೋಚಿಸುತ್ತಾರೆ?

ಅರ ಹಿಡಿದು ಉಂಡೆಗೆ ಮತ್ತೆ ಮೂಲೆಗಳನ್ನು ಮೂಡಿಸಿದ ಮೇಲೆ ರಿಂಗ್ ಸ್ಪ್ಯಾನರ್ ಅಂತೂ ಕಚ್ಚಿಕೊಂಡಿತು. ಎಳೆದ. ನಟ್ಟು ತಿರುಗಿತು! ಅವನ ಬಾಯಿಂದ ಬಂದ ಉದ್ಗಾರಕ್ಕೆ ಅಮ್ಮ ಎದ್ದೇ ನಿಂತಳು. ಆದರೆ ಮತ್ತೆ ಎಳೆದಾಗ ತಿಳಿಯಿತು, ನಟ್ಟಿನ ಜೊತೆಗೆ ಬೋಲ್ಟೂ ತಿರುಗುತ್ತಿದೆ. ಮೇಲೆ ಸೀಟಿನ ಹತ್ತಿರ ಅದರ ತಲೆಯೂ ಸುತ್ತುತ್ತಿದೆ. ಎರಡೂ ಒಂದೇ ತುಕ್ಕಿನಲ್ಲಿ ಬೆಸೆದುಕೊಂಡು, ದಿನವಿಡೀ ತಿರುಗಿಸಿದರೂ ಸುಮ್ಮನೆ ಜೊತೆಗೆ ತಿರುಗುತ್ತವೆ. ಮೇಲಿನ ತಲೆಯನ್ನು ಯಾರಾದರೂ ಬಿಗಿಯಾಗಿ ಹಿಡಿಯಬೇಕು.

"ಸ್ವಲ್ಪ ಬಾರೇ," ಎಂದು ಹೆಂಡತಿಯನ್ನು ಕೂಗಿದ.

"ಒಲೆ ಮೇಲಿದೆ!" ಎಂದಳು ಹೆಂಡತಿ ಅಡುಗೆಮನೆಯಿಂದ. "ಊಟಕ್ಕಾದ್ರೂ ಹೊರಗೆ ಬರ್ತೀರಾ, ಇಲ್ಲ ತಟ್ಟೇನ ಕಾರಿನ ಕೆಳಗೇ ತಳ್ಳಲಾ?"

"ಅವಳ್ಯಾಕೆ? ನಂಗೆ ಕೊಡು," ಎಂದಳು ಅಮ್ಮ. ಬಿಳಿ ಬೂಟುಗಳು ಮೆಟ್ಟಿಲಿಳಿದು ಬಂದವು. ಕುರ್ಚಿಯ ಕಾಲುಗಳು ನೆಲದ ಮೇಲೆ ಕೀರುತ್ತಾ ಬಂದು ಡ್ರೈವರ್ ಬಾಗಿಲ ಪಕ್ಕ ನಿಂತವು. ಅವನು ಹೊರಬಂದು, ಇನ್ನೊಂದು ಸ್ಪ್ಯಾನರನ್ನು ಬೋಲ್ಟಿನ ತಲೆಗೆ ಕೂರಿಸಿ, ಅದರ ಬಾಲವನ್ನು ಅವಳ ಎರಡೂ ಕೈಗೆ ಕೊಟ್ಟ. "ಬಿಡ್ಬಾರ್ದು, ಎಳೀಲೂಬಾರ್ದು. ಸುಮ್ನೆ ಹಿಡ್ಕೊಂಡಿರ್ಬೇಕು," ಎಂದ.

"ಅದು ನಂಗೆ ಬರುತ್ತೆ," ಎಂದಳು.

ಮತ್ತೆ ಕೆಳಗೆ ಹೋದ. ತಳದ ತಗಡಿನಲ್ಲಿ ರಬ್ಬರಿನ ಬಿರಡೆ ಬಿದ್ದುಹೋದ ಒಂದು ತೂತಿತ್ತು. ಅದರಿಂದ ಬೆಳಕಿನ ಜೊತೆಗೆ ಅಮ್ಮನ ಉಸಿರಾಟವೂ ಕೇಳುತ್ತಿತ್ತು. ಮುಖ ಕಾಣದೆ ಇಷ್ಟು ಹತ್ತಿರದಿಂದ ಅವಳ ಉಸಿರು ಕೇಳಿ ಎಷ್ಟು ಕಾಲವಾಗಿತ್ತು. ಎಳೆದ. ಮೇಲಿಂದ ಅಮ್ಮ ಹ್ಞೂಂ ಎಂದಳು. ಕದಲಲಿಲ್ಲ. ಸುತ್ತಿಗೆಯಿಂದ ಸ್ಪ್ಯಾನರಿನ ಬಾಲಕ್ಕೆ ಸಣ್ಣಗೆ ತಟ್ಟಿದ. ಕದಲಲಿಲ್ಲ. ಸ್ವಲ್ಪ ಸುಧಾರಿಸಿಕೊಳ್ಳಲು ನಿಂತಾಗ, ಮುಖ ಕಾಣದಿರುವುದರಿಂದಲೋ ಏನೋ ಅವನ ಬಾಯಿಂದ ಮಾತು ಬಂದಿತು.

"ಅಮ್ಮ, ನೀನು ಅವತ್ತು ಯಾಕೆ ಏನೂ ಅನ್ಲಿಲ್ಲ?"

ಯಾವತ್ತು ಎಂದು ಅವಳು ಕೇಳಲಿಲ್ಲ. "ಏನಂತ ಅನ್ನೋದು?"

"ಬೇಡ ಅಂತ. ನಂಗೂ ಓಡಿಸ್ಬೇಕು ಅಂತ."

"ಹೇಗೋ ಅನ್ನೋದು. ಬೈದು ಹಾಕಿದ್ದಿದ್ರೆ ಜಗಳ ಆಡ್ಬಹುದಿತ್ತು. ನಗ್ತಾ ಹಾಕಿದ ಬೋಲ್ಟು ಕಣೋ ಅದು. ಅಪ್ಪ ಮಗ ಇಬ್ರೂ ಕೆಳಗೆ ಮಲಗಿ ಕಿಲಕಿಲ ಅಂತಿದ್ರಿ. ನಾನು ಮಜ್ಜಿಗೆ ತಂದ್ಕೊಟ್ಟೆ. ನೀನು ಮೀಸೆ ಮಾಡ್ಕೊಂಡು ಕುಡಿದೆ." "ಹಲ್ಲು ಸವೆದಿದೆ ಅಂದ್ರು. ಅವರು ಅಂದಮೇಲೆ ಸವೆದಿರುತ್ತೆ. ಊರಿಗೆಲ್ಲ ತೂಕ ಮಾಡೋರು."

ಆ ಕೊನೆಯ ಮಾತಿನಲ್ಲಿ ಕುಹಕವಿತ್ತೇ ಎಂದು ಅವನು ಕಿವಿಗೊಟ್ಟ. ತೂತಿನಿಂದ ಅವಳ ಬಳೆಗಳ ಸದ್ದು ಮಾತ್ರ ಬಂದಿತು. ತಾನು ಕುಡಿದ ಮಜ್ಜಿಗೆ ಅವನಿಗೆ ನೆನಪಿರಲಿಲ್ಲ. ಅಷ್ಟು ಸಲ ಹೇಳಿದ ಕಥೆಯಲ್ಲಿ ಅಮ್ಮ ಎಲ್ಲೂ ಇರಲಿಲ್ಲ, ಮಜ್ಜಿಗೆಯ ಲೋಟವಾಗಿಯೂ ಇರಲಿಲ್ಲ. ತಡೆಯಲಾರದೆ, ಎರಡೂ ಕಾಲನ್ನು ಚಕ್ರಕ್ಕೆ ಒತ್ತಿ, ಹಲ್ಲು ಕಚ್ಚಿ ಎಳೆದ. ಕಿರ್ರ್ ಎಂದು, ಹಳೆಯ ಬಾಗಿಲೊಂದು ತೆರೆದ ಹಾಗೆ, ನಟ್ಟು ತಿರುಗಿತು.

"ಬಂತು! ಅಮ್ಮ, ಬಂತು!"

"ಬಂತಾ? ಇಲ್ಲಿ ನೋಡಿದ್ರೆ ತಲೆ ಒಳಗೆ ಹೋಯ್ತಲ್ಲೋ. ತಗಡು ಹಳ್ಳ ಬಿತ್ತು."

ಅವನು ಸ್ಪ್ಯಾನರನ್ನು ನೋಡಿದ, ತನ್ನ ಕೈಯನ್ನು ನೋಡಿದ, ಮತ್ತೆ ಯೋಚಿಸಿದ. ಅಂಗಾತ ಮಲಗಿ ಮೇಲೆ ನೋಡುತ್ತಿರುವವನು, ಮೇಲಿಂದ ಕೆಳಗೆ ನೋಡುವವನ ಎಡಬಲವನ್ನು ತಲೆಯಲ್ಲಿಟ್ಟುಕೊಂಡು ಎಳೆದಿದ್ದ. ಬೆಳಗಿನಿಂದ ಅವನು ನಟ್ಟನ್ನು ಬಿಗಿಯುತ್ತಲೇ ಇದ್ದ. ಸ್ಕ್ರೂ ತಿರುಗಿಸಿಯೇ ಹೊಟ್ಟೆ ಹೊರೆದವನು! ಅಂಗಡಿಯಲ್ಲಿ ಕಣ್ಣು ಮುಚ್ಚಿದರೂ ತಪ್ಪದ ಕೈ, ಅಪ್ಪ ಮಲಗಿದ ಜಾಗದಲ್ಲಿ ಮಲಗಿದ ಕೂಡಲೇ ತನಗೆ ಗೊತ್ತಿದ್ದ ಮೊದಲ ಪಾಠಕ್ಕೆ ಹೋಗಿಬಿಟ್ಟಿತ್ತು. ಕೆಳಗೆ ಮಲಗಿ ಈ ನಟ್ಟಿಗೆ ಅದು ಕಲಿತದ್ದು ಒಂದೇ ದಿಕ್ಕು.

"ಏನಾಯ್ತೋ?"

"ಉಲ್ಟಾ ತಿರುಗಿಸ್ದೆ ಅಮ್ಮ. ಇನ್ನೂ ಬಿಗಿ ಮಾಡ್ದೆ."

ಮೇಲಿಂದ ಒಂದು ಸದ್ದು ಶುರುವಾಯಿತು. ಅಳುತ್ತಿದ್ದಾಳೆಂದು ಅವನು ಹೆದರಿದ. ಅಮ್ಮ ನಗುತ್ತಿದ್ದಳು. ಸ್ಪ್ಯಾನರ್ ಹಿಡಿದ ಕೈ ಬಿಡದೆ, ಕುರ್ಚಿ ಅಲ್ಲಾಡುವ ಹಾಗೆ, ಕೆಮ್ಮು ಬರುವವರೆಗೆ. "ಬಿಡು, ನಿಮ್ಮನೆಯವರಿಗೆ ಬಿಗಿಯೋದು ರಕ್ತದಲ್ಲೇ ಬಂದಿದೆ," ಎಂದಳು. ಅವನಿಗೂ ನಗು ಬಂದಿತು. ಆದರೆ ಆ ತಪ್ಪು ಏಟಿನಲ್ಲೇ ತುಕ್ಕಿನ ಬೆಸುಗೆ ಬಿಟ್ಟಿತ್ತು. ಈ ಸಲ ದಿಕ್ಕನ್ನು ಬಾಯಲ್ಲಿ ಹೇಳಿಕೊಂಡು, ಎದುರು ಕಡೆಗೆ ಎಳೆದ. ಕಿರ್ರ್. ಸ್ವಲ್ಪ. ಸೀಮೆಎಣ್ಣೆ ಹನಿಸಿ ಮತ್ತೆ ಸ್ವಲ್ಪ. ಕೆಂಪು ಪುಡಿ ಅವನ ಕುತ್ತಿಗೆಗೆ ಉದುರಿತು. ಹೋಗುತ್ತಾ ಹೋಗುತ್ತಾ ನಟ್ಟು ಹಗುರಾಯಿತು. ಕೊನೆಯ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿದ. ಅದು ಅಂಗೈಗೆ ಬಿದ್ದಾಗ ಬಿಸಿಯಾಗಿತ್ತು. ಅಮ್ಮ ಮೇಲಿಂದ ಬೋಲ್ಟನ್ನು ಎಳೆದುಕೊಂಡಳು. ಅದು ಇದ್ದ ತೂತಿನಿಂದ ಹೊಸ ಬೆಳಕು ಅವನ ಕೆನ್ನೆಯ ಮೇಲೆ ಬಿದ್ದಿತು.

ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವಳು ಬೋಲ್ಟನ್ನು ಕಡೆಗಣ್ಣಿನಲ್ಲಿ ನೋಡಿ ಮೆಟ್ಟಿಲ ಮೇಲಿಟ್ಟಿದ್ದಳು. ಅವನು ಸೀಟಿನ ಕೆಳಗೆ ಕೈಹಾಕಿ, ಸರಳನ್ನು ಎಳೆದು, ಹಳಿಗೆ ಎಣ್ಣೆ ಬಿಟ್ಟು, ಸೀಟನ್ನು ಹಿಂದೆ ಮುಂದೆ ಅಲ್ಲಾಡಿಸಿದ. ಮೊದಲು ಮೊಂಡು ಹಿಡಿಯಿತು, ಆಮೇಲೆ ಹೊರಟಿತು. ಒಂದು ಹಲ್ಲು ಮುಂದೆ ಬಂದು ಟಕ್ ಎಂದು ನಿಂತಿತು. ಅವನು ಅದನ್ನು ತಳ್ಳಿ ನೋಡಿದ. ಅಲುಗಲಿಲ್ಲ. ಸರಳೆಳೆದು ಇನ್ನೊಂದು ಹಲ್ಲು. ಟಕ್. ಕೈಯ ಬಲವನ್ನೆಲ್ಲ ಹಾಕಿ ಹಿಂದಕ್ಕೆ ದೂಡಿದ. ಕೊಕ್ಕೆ ಕಚ್ಚಿ ಹಿಡಿದಿತ್ತು. ಬೆರಳು ತೂರಿಸಿ ಹಳಿಯ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದ, ಕನ್ನಡಕದ ಕಡ್ಡಿಯ ಅಂಚನ್ನು ಮುಟ್ಟಿ ನೋಡುವ ಹಾಗೆ. ಚೂಪಾಗಿದ್ದವು. ಒಂದೂ ಸವೆದಿರಲಿಲ್ಲ. ಬಗ್ಗಿದವನು ಏಳಲಿಲ್ಲ. ಎದ್ದರೆ ಅಮ್ಮನ ಮುಖ ನೋಡಬೇಕಾಗಿತ್ತು. ಒಳಗೆ ಅವನು ಒರಗಿಕೊಂಡಿದ್ದ ಗೋಡೆಯೊಂದು ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ ಹಾಗಾಯಿತು.

"ಬಹುಶಃ..." ಎಂದ, ಸೀಟಿಗೇ ಹೇಳುವವನ ಹಾಗೆ. "ಇಷ್ಟು ವರ್ಷ ತುಕ್ಕು ಸೇರಿ ಗಟ್ಟಿಯಾಗಿರ್ಬೇಕಮ್ಮ. ಆಗ ಸವೆದಿದ್ದಿರಬಹುದು. ಅಥವಾ ಅಪ್ಪ ಸರಿಯಾಗಿ..."

"ನಿಮ್ಮಪ್ಪನ ವಕಾಲತ್ತು ಆಮೇಲೆ ಮಾಡು. ಎದ್ದೇಳು."

"ನಿಂಗೆ ಗೊತ್ತಿತ್ತಾ?"

"ದಿನಾ ಎಳೀತಿದ್ದೋಳು ನಾನು. ಟಕ್ ಅಂತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಫೋಟೋ ನೋಡಿ ಇವರು ಯಾರು ಎಂದು ಹೇಳುವವರ ದನಿ. "ಭಯ ಅವರಿಗೆ. ನನ್ನ ತಮ್ಮ ಲಾರಿ ಕೆಳಗೆ ಹೋಗಿದ್ದ ವರ್ಷ ಅದು. ಭಯ ಅಂತ ಹೇಳೋಕೆ ಬರ್ತಿರ್ಲಿಲ್ಲ ಮನುಷ್ಯಂಗೆ, ಹಲ್ಲು ಅಂದ್ರು. ನಾನೂ ಹಲ್ಲು ಅಂದ್ಕೊಂಡೆ. ಹೀಗೇ ಹೋಯ್ತು." ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಸೀಟಿನಲ್ಲಿ ಕೂತು, ಸರಳನ್ನು ಎಳೆದು, ಒಂದೇ ಏಟಿಗೆ ಮುಂದಕ್ಕೆ ಸರಿದಳು. ಟಕ್. ಬಿಳಿ ಬೂಟು ಕ್ಲಚ್ಚನ್ನು ತಳದವರೆಗೆ ಒತ್ತಿತು. ಒತ್ತಿ, ಬಿಟ್ಟಿತು. ಮತ್ತೆ ಒತ್ತಿತು. ಅವಳು ಅವನ ಕಡೆ ನೋಡಲಿಲ್ಲ. ಕೈ ಮಾತ್ರ ಚಾಚಿದಳು. "ಕೀಲಿ."

ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿತ್ತು. ದಿಮ್ಮಿಗಳನ್ನು ತೆಗೆದು ಬಂದ. ಕೈ ಒರೆಸಿಕೊಂಡ. "ಇರು, ನಾನೂ ಹತ್ಕೋತೀನಿ," ಎಂದ.

"ಬೇಡ."

"ಅಲ್ಲಮ್ಮ..."

"ಪಕ್ಕದಲ್ಲಿ ಕೂತ್ಕೊಂಡು, ಇಲ್ಲದ ಬ್ರೇಕು ಒತ್ತೋಕೆ ಶುರು ಮಾಡ್ತೀಯ. ನಿಮ್ಮಪ್ಪನೂ ಹಾಗೇ. ಅವರ ಕಾಲು ನೋಡಿದ್ರೆ ನಂಗೆ ಕೈ ನಡುಗ್ತಿತ್ತು."

ಅವನು ನಕ್ಕ. "ಈ ವಯಸ್ಸಲ್ಲಿ ಒಬ್ಳೇ ಹೋಗ್ತಾಳಂತೆ! ಪೊಲೀಸಿಗೆ ಹೇಳೋಣ್ವಾ?" ಎಂದ. ನಗು ಬಾಯಿಂದ ಹೊರಟು ಕಾಂಪೌಂಡಿಗೆ ತಾಗಿ ಅವನ ಕಿವಿಗೇ ಬಂದಿತು, ದೊಡ್ಡದಾಗಿ, ದುಂಡಗೆ. ಅದು ಅವನ ನಗುವಾಗಿರಲಿಲ್ಲ. ಮೇಷ್ಟ್ರ ತಲೆ ಮತ್ತೆ ಮೇಲೆದ್ದು, ವಿಷಯವೇನೆಂದು ತಿಳಿಯದೆಯೇ ಅವರೂ ಜೊತೆಗೆ ನಕ್ಕರು. ಕಾರಿನೊಳಗೆ ಅಮ್ಮ ನಗಲು ಬಾಯಿ ತೆರೆದದ್ದನ್ನು ಅವನು ಕಂಡ. ಅಭ್ಯಾಸದಿಂದ, ಎಲ್ಲರೂ ನಗುವಾಗ ನಗಬೇಕಲ್ಲ ಎಂದು. ಚಾಚಿದ ಕೈ ನಿಧಾನವಾಗಿ ಮಡಿಲಿಗೆ ಇಳಿಯುತ್ತಿತ್ತು. ಮೂಲೆಯ ಬಸ್ಸು, ಶಾಲೆಯ ಹತ್ತಿರದ ಇಳಿಜಾರು, ಅವಳ ಎಡಗಣ್ಣಿನ ಪೊರೆ ತೆಗೆದದ್ದು, ಎಲ್ಲವೂ ನಿಜ. ಒಂದೊಂದೂ ನಿಜ. ಅವನು ಜೇಬಿಗೆ ಕೈಹಾಕಿ, ಕೀಲಿ ತೆಗೆದು, ಇಳಿಯುತ್ತಿದ್ದ ಆ ಕೈಯನ್ನು ಹಿಡಿದು ಅದರಲ್ಲಿಟ್ಟ. ಬೆರಳುಗಳನ್ನು ಮಡಚಿದ. "ಭಯ ಆಗ್ತಿದೆ ಅಮ್ಮ," ಎಂದ.

"ಆಗ್ಲಿ," ಎಂದಳು. "ಗೇಟು ತೆಗಿ."

ಎಂಜಿನ್ ಕೆಮ್ಮಿ, ನಿಂತು, ಮತ್ತೆ ಹಿಡಿಯಿತು. ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದು, "ಏನ್ರೀ ಇದು, ಒಬ್ರೇನಾ?" ಎಂದಳು. ಅವನು ಗೇಟಿನ ಎರಡೂ ಕದಗಳನ್ನು ಪೂರ್ತಿ ತೆಗೆದು ಹಿಡಿದ. ಕಾರು ಅವನ ಮುಂದೆ ಹಾದುಹೋಯಿತು. ಸ್ಟೀರಿಂಗಿಗೆ ಎದೆ ತಾಗಿಸಿ ಕೂತ ಅಮ್ಮನ ತುಟಿಗಳು ಅಲುಗುತ್ತಿದ್ದವು. ಅವಳು ಯಾವುದೋ ಗೇರಿನ ಜೊತೆ ಮಾತಾಡುತ್ತಿದ್ದಳು. ಬೀದಿಯ ಕೊನೆಯಲ್ಲಿ, ತಿರುವಿನ ಹತ್ತಿರ, ಸೈಕಲ್ಲೊಂದು ಅಡ್ಡ ಬಂದಿತು. ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು, ಮೀನಖಂಡ ಕಲ್ಲಾಗುವಷ್ಟು ಗಟ್ಟಿಯಾಗಿ. ಕಾರು ಸೈಕಲ್ಲಿಗೆ ದಾರಿ ಬಿಟ್ಟು, ಹಾರ್ನು ಮಾಡಿ, ತಿರುಗಿ ಮರೆಯಾಯಿತು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅವನು ಇನ್ನೂ ಒತ್ತಿಕೊಂಡೇ ಇದ್ದ ಕಾಲನ್ನು ನೋಡಿಕೊಂಡ, ಮತ್ತು ಅದನ್ನು ನೆಲದಿಂದ ಎತ್ತಲು, ಸ್ವಲ್ಪ ಸ್ವಲ್ಪವಾಗಿ, ಪ್ರಯತ್ನಿಸತೊಡಗಿದ.